ಅಡ್ಮಿರಲ್ಲನ ಇನ್ನೂರೊಂದನೇ ಸೋಲು

ಹೆಂಡತಿ: ಮತ್ತೆ ಸೋಲೋರ ಕಡೆಗೇ ಸೇರಿದ್ರಾ? ಆ ಆಟದಲ್ಲಿ ಗೆಲ್ಲೋ ಕಡೆ ಅಂತ ಒಂದಿದೆಯಲ್ರೀ! ಅದನ್ನ ಒತ್ತಿದ್ರೆ ಬೆರಳು ಸವೆದು ಹೋಗುತ್ತಾ?

ಅಡ್ಮಿರಲ್: ಗೆಲ್ಲೋರ ಕಡೆ ನನಗೇನು ಕೆಲಸ? ಕೆಡದೇ ಇರೋ ಬಸ್ಸನ್ನ ಯಾರಾದ್ರೂ ಶೆಡ್ಡಿಗೆ ತರ್ತಾರಾ?

ಬಸ್ ಡಿಪೋದ ಹೆಡ್ ಮೆಕ್ಯಾನಿಕ್ಕಿಗೆ ಅಡ್ಮಿರಲ್ ಎಂದು ಹೆಸರಿಟ್ಟವರು ಶೆಡ್ಡಿನಲ್ಲಿ ಅವನ ಕೈಕೆಳಗಿದ್ದ ಹನ್ನೊಂದು ಮಂದಿ. ವಾರದ ರಜೆ ಬಂತೆಂದರೆ ಅವನು ಕಂಪ್ಯೂಟರಿನ ಮುಂದೆ ಕೂತು, ಓಬೀರಾಯನ ಕಾಲದ ಒಂದು ಸಮುದ್ರಯುದ್ಧವನ್ನು ಸೋತವರ ಪರವಾಗಿ ಆಡುತ್ತಿದ್ದ. ಹೆಂಡತಿ ಅದೇ ಡಿಪೋದ ಕಂಡಕ್ಟರ್, ಯೂನಿಯನ್ನಿನ ಕಾರ್ಯದರ್ಶಿ. ಎಂಟು ಗಂಟೆಯ ಡ್ಯೂಟಿ ಸೋಮವಾರದಿಂದ ಹನ್ನೆರಡು ಗಂಟೆ ಎಂದು ಮ್ಯಾನೇಜರ್ ಆದೇಶ ಹೊರಡಿಸಿದ್ದ. ಬಸ್ಸು ಹೊರಗೆ ತೆಗೆಯದೆ ಮುಷ್ಕರ ಹೂಡೋಣವೇ ಎಂದು ಇವತ್ತು ನಾಲ್ಕು ಗಂಟೆಗೆ ಗೇಟಿನ ಮುಂದೆ ಕೈ ಎತ್ತಿಸುವುದಿತ್ತು. ಶೆಡ್ಡಿನವರು ಭಾಷಣ ಕೇಳಿ ಕೈ ಎತ್ತುವವರಲ್ಲ, ಅಡ್ಮಿರಲ್ಲನ ಕೈ ನೋಡಿ ಎತ್ತುವವರು. ಅದು ಎದ್ದರೆ ಹನ್ನೊಂದೂ ಏಳುತ್ತವೆ; ಏಳದಿದ್ದರೆ ಹನ್ನೊಂದೂ ಜೇಬಿನಲ್ಲೇ. ಆ ಕೈ ಈಗ ಮೌಸಿನ ಮೇಲಿತ್ತು.

ಬಾಗಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿದಳು.

ಅಮ್ಮ: ಇವತ್ತು ಎಷ್ಟು ಜನ ಹೋದ್ರೋ?

ಅಡ್ಮಿರಲ್: ಇನ್ನೂ ಶುರುವೇ ಆಗಿಲ್ಲಮ್ಮ.

ಅಮ್ಮ: ಹೋದ ವಾರ?

ಅಡ್ಮಿರಲ್: ಇಪ್ಪತ್ತೆರಡು ಹಡಗು.

ಅಮ್ಮ: ಹಡಗಿನ ಲೆಕ್ಕ ಯಾರಿಗೆ ಬೇಕೋ? ಜನ ಎಷ್ಟು?

ಅಡ್ಮಿರಲ್: ಅಯ್ಯೋ, ಅದೆಲ್ಲ ಬರೀ ಚಿತ್ರ ಅಮ್ಮ!

ಅಮ್ಮ: ಚಿತ್ರದವರನ್ನಾದ್ರೂ ಒಂದು ದಿನ ಮನೆಗೆ ಕಳಿಸಬಾರ್ದಾ?

ಹೆಂಡತಿ: ಚಿತ್ರದವರ ವಿಚಾರ ಬಿಡಿ ಅತ್ತೆ. ರೀ, ಒಂದೇ ಮಾತು. ಸಂಜೆ ಕೈ ಎತ್ತುತ್ತೀರೋ ಇಲ್ವೋ?

ಅಡ್ಮಿರಲ್: ಇಲ್ಲ.

ಹೆಂಡತಿ: ಯಾಕೆ?

ಅಡ್ಮಿರಲ್: ಸೋಲ್ತೀರಿ.

ಹೆಂಡತಿ: ಸೋಲೋರು ಅಂದ್ರೆ ನಿಮಗೆ ಪ್ರಾಣ ಅಲ್ವಾ? ಯಾವ ದೇಶದವರೋ ಏನೋ, ಅವರ ಜೊತೆ ಇನ್ನೂರು ಸಲ ಮುಳುಗಿದ್ದೀರಿ. ನಮ್ಮ ಜೊತೆ ಒಂದು ಸಲ ಮುಳುಗೋಕೆ ಏನು ಶೀತವಾ?

ಅಡ್ಮಿರಲ್: ಇಲ್ಲಿ ಮುಳುಗಿದ್ರೆ ‘ಮತ್ತೆ ಆಡ್ತೀರಾ’ ಅಂತ ಕೇಳುತ್ತೆ ಕಣೇ. ಡಿಪೋ ಕೇಳುತ್ತಾ?

ಹೆಂಡತಿ: ಮನೇಲಿ ಹುಲಿ, ಬೀದೀಲಿ ಇಲಿ!

ಅಡ್ಮಿರಲ್: ಇಲಿಯೇ ಸರಿ. ಹೋದ ಸಲ ಹುಲಿಗಳೆಲ್ಲ ವಜಾ ಆಗಿ ಎರಡು ವರ್ಷ ಗೇಟಿನ ಹೊರಗಿದ್ವು.

ಹೆಂಡತಿ: ಹೊರಗಿದ್ದವರಲ್ಲಿ ನಾನೂ ಒಬ್ಬಳು. ಮರೆತ್ರಾ?

ಮರೆತಿರಲಿಲ್ಲ. ಮಾತು ಬೆಳೆಸದೆ ಆಟ ತೆರೆದ. ಸಣ್ಣ ಬಂದರು, ಅದರಲ್ಲಿ ಇಪ್ಪತ್ತೆರಡು ಹಡಗು. ಹೊರಗೆ ಕಡಲಲ್ಲಿ ಶತ್ರುಗಳು ಕುಡುಗೋಲಿನ ಹಾಗೆ ಬಾಗಿ ನಿಂತಿದ್ದರು. ಹೆಂಡತಿ ಸಿಟ್ಟಿನಲ್ಲೇ ಕುರ್ಚಿ ಎಳೆದುಕೊಂಡಳು.

ಹೆಂಡತಿ: ಎಷ್ಟು ಹೊತ್ತಿಗೆ ಸೋಲ್ತಾರೆ ನಿಮ್ಮೋರು?

ಅಡ್ಮಿರಲ್: ಚರಿತ್ರೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ. ನಾನು ಎರಡೂಕಾಲಿನ ತನಕ ಎಳೆದಿದ್ದೀನಿ!

ಹೆಂಡತಿ: ಎರಡೂಕಾಲಿಗೆ ಸತ್ತವರು ನಿಮಗೆ ಸನ್ಮಾನ ಮಾಡಿದ್ರಾ? ಅಲ್ಲ, ಹೊರಗೆ ಅಷ್ಟು ಜನ ಕಾಯ್ತಿರೋದು ಕಾಣುತ್ತೆ, ಆದ್ರೂ ಹೊರಡ್ತೀರಲ್ಲ, ಹೇಳಿದ್ದು ಯಾರು?

ಅಡ್ಮಿರಲ್: ರಾಜಧಾನಿಯಿಂದ ಮಂತ್ರಿ ಆದೇಶ ಕಳಿಸ್ತಾನೆ.

ಹೆಂಡತಿ: ಆ ಮಂತ್ರಿ ಹಡಗು ಹತ್ತುತ್ತಾನಾ?

ಅಡ್ಮಿರಲ್: ಅವನ್ಯಾಕೆ ಹತ್ತುತ್ತಾನೆ?

ಹೆಂಡತಿ: ಹಾಗಾದ್ರೆ ಇನ್ನೂರು ಆಟ ಆಡಿದ್ರೂ ಶತ್ರು ಯಾರು ಅಂತಲೇ ನಿಮಗೆ ಗೊತ್ತಾಗಿಲ್ಲ. ಸರೀರಿ ಆ ಕಡೆ.

ಅಡ್ಮಿರಲ್: ಏಯ್, ಮೌಸು ಬಿಡೇ! ‘ಹೊರಡಿ’ ಅಂತ ಹಸಿರು ಗುಂಡಿ ಬಂತು ನೋಡು, ಅದನ್ನ ಒತ್ತಬೇಕು.

ಹೆಂಡತಿ: ಒತ್ತಲ್ಲ.

ಅಡ್ಮಿರಲ್: ಒತ್ತದೇ ಇದ್ರೆ ಆಟ ಹೇಗೆ ಆಗುತ್ತೆ?

ಹೆಂಡತಿ: ಆಗದೇ ಇರ್ಲಿ.

ಆಕೆ ಕೈಕಟ್ಟಿ ಕೂತಳು. ಆಟದ ಗಡಿಯಾರ ಓಡತೊಡಗಿತು. ‘ತಕ್ಷಣ ಹೊರಡಿ’ ಎಂದು ಮಂತ್ರಿಯ ಆದೇಶ ಕೆಂಪು ಅಕ್ಷರದಲ್ಲಿ ಬಂತು. ಮತ್ತೆ ಬಂತು. ಮೂರನೆಯದಕ್ಕೆ ಕಂಪ್ಯೂಟರು ಕಿರ್‍ರೆಂದು ಕೂಗಿತು.

ಅಮ್ಮ: ಯಾರೋ ಅದು, ನಿಮ್ಮ ಮ್ಯಾನೇಜರಾ?

ಹೆಂಡತಿ: ಅವನ ದೊಡ್ಡಪ್ಪ, ಅತ್ತೆ. ಅರಚಲಿ ಬಿಡಿ.

ಅಡ್ಮಿರಲ್: ಲೇ, ಕಾದು ಕಾದು ಶತ್ರುವಿನ ಎಂಜಿನ್ನಿನ ಕಲ್ಲಿದ್ದಲು ಮುಗೀತಾ ಬಂತು! ಕಾಲು ಭಾಗ ಉಳೀತು... ಅಯ್ಯೋ, ತಿರುಗಿದ್ರು! ಊರ ಕಡೆ ಹೊರಟ್ರು!

ಆಟದ ಗಡಿಯಾರದಲ್ಲಿ ಸಂಜೆಯಾಗುವ ಹೊತ್ತಿಗೆ ಕಡಲು ಖಾಲಿ. ತೆರೆ ಕಪ್ಪಾಗಿ ಅಕ್ಷರಗಳು ಮೂಡಿದವು: ‘ಆದೇಶ ಉಲ್ಲಂಘನೆ. ಅಡ್ಮಿರಲ್ ವಜಾ. ನೀವು ಸೋತಿದ್ದೀರಿ.’

ಅಡ್ಮಿರಲ್: ನೋಡಿದ್ಯಾ? ಸೋಲು! ನಿನ್ನ ಕೈಯಲ್ಲೂ ಸೋಲೇ!

ಹೆಂಡತಿ: ಮುಳುಗಿದ್ದು ಎಷ್ಟು? ಕೆಳಗೆ ಬರೆದಿದೆ, ಓದಿ.

ಅಡ್ಮಿರಲ್: ...ಸೊನ್ನೆ.

ಅಮ್ಮ: ಸದ್ಯ! ಎಲ್ಲರ ಮನೇಲೂ ಒಲೆ ಉರಿಯುತ್ತೆ.

ಅಡ್ಮಿರಲ್ ಆ ಸೊನ್ನೆಯನ್ನೇ ನೋಡುತ್ತ ಕೂತ. ಬಸ್ಸನ್ನು ನಿಲ್ಲಿಸಿಯೇ ರಿಪೇರಿ ಮಾಡಬೇಕೆಂದು ಹನ್ನೊಂದು ಮಂದಿಗೆ ಪಾಠ ಹೇಳುತ್ತಿದ್ದವನಿಗೆ, ಹಡಗನ್ನೂ ನಿಲ್ಲಿಸಬಹುದೆಂದು ಇನ್ನೂರು ಆಟದಲ್ಲಿ ಹೊಳೆದಿರಲಿಲ್ಲ.

ಅಡ್ಮಿರಲ್: ಆದ್ರೂ ಒಬ್ಬನ ಕೆಲಸ ಹೋಯ್ತು ಕಣೇ.

ಹೆಂಡತಿ: ಒಬ್ಬನದು ತಾನೇ?

ಅಡ್ಮಿರಲ್: ಮುಂದೆ ನಿಂತವನದು. ನಮ್ಮಲ್ಲಿ ಮುಂದೆ ನಿಂತಿರೋದು ಯಾರು?

ಆಕೆ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

ಹೆಂಡತಿ: ಅದಕ್ಕೇನಾ ನೀವು ಕೈ ಎತ್ತಲ್ಲ ಅಂದಿದ್ದು?

ಅಡ್ಮಿರಲ್: ಇನ್ನೇನು, ಮ್ಯಾನೇಜರ್ ನನ್ನ ಷಡ್ಡಕನಾ? ಎಲ್ಲಿ, ಹನ್ನೆರಡು ಗಂಟೆ ಆಗಲ್ಲ ಅಂತ ಯೂನಿಯನ್ನಿಂದ ಅವನಿಗೆ ಕೊಡೋ ಪತ್ರ ತಾ ಇಲ್ಲಿ.

ಆಕೆ ಚೀಲದಿಂದ ಪತ್ರ ತೆಗೆದಳು. ಕೊನೆಯಲ್ಲಿ ಕಾರ್ಯದರ್ಶಿಯದೊಂದೇ ಸಹಿ, ಅದರ ಕೆಳಗೆ ಅರ್ಧ ಪುಟ ಖಾಲಿ. ಅಡ್ಮಿರಲ್ ಪೆನ್ನು ಹಿಡಿದು, ಅವಳ ಸಹಿಗೂ ಕೊನೆಯ ಸಾಲಿಗೂ ನಡುವಿದ್ದ ಬೆರಳಗಲದ ಜಾಗದಲ್ಲಿ ತನ್ನ ಸಹಿ ಗೀಚಿದ.

ಹೆಂಡತಿ: ಕೆಳಗೆ ಅಷ್ಟು ಜಾಗ ಬಿದ್ದಿದೆ, ನನ್ನ ತಲೆ ಮೇಲೆ ಯಾಕ್ರೀ ತುರುಕಿದ್ರಿ?

ಅಡ್ಮಿರಲ್: ಕೆಳಗೆ ನನ್ನ ಹನ್ನೊಂದು ಜನ ಹಾಕ್ತಾರೆ. ಮ್ಯಾನೇಜರ್ ಮೇಲಿಂದ ಓದ್ಕೊಂಡು ಬರ್ತಾನೆ, ಮೊದಲು ನಾನೇ ಸಿಗ್ಲಿ.

ಹೆಂಡತಿ: ವಜಾ ಮಾಡಿದ್ರೆ?

ಅಡ್ಮಿರಲ್: ಮನೇಲಿ ಕೂರ್ತೀನಿ.

ಅಮ್ಮ: ಹೂಂ, ಈ ಸಲ ಇವನೇ ಕೂರ್ಲಿ. ಹೋದ ಸಲ ನೀನು ಕೂತು ನನ್ನ ಅಡುಗೆಮನೇಲೂ ಯೂನಿಯನ್ ಕಟ್ಟಿದ್ದೆ ಕಣೇ. ಅಧ್ಯಕ್ಷೆ ನಾನೇ. ದಿನಾ ಮೀಟಿಂಗು, ದಿನಾ ಹಾಲು ಉಕ್ಕೋದು!