ಮಾವನ ಬಾಟಲಿಗಳು

ನನ್ನ ಸೋದರಮಾವನನ್ನು ನಂಬಿ ನೀವು ಮನೆಯ ಬೀಗದ ಕೈ ಕೊಡಬಹುದು, ಮಗಳ ಮದುವೆಯ ಓಡಾಟವನ್ನೆಲ್ಲ ಒಪ್ಪಿಸಬಹುದು. ಆದರೆ ನಿಂತ ನೀರನ್ನು ಮಾತ್ರ ಅವರ ಕಣ್ಣಿಗೆ ಬೀಳಿಸಬೇಡಿ! ಬಕೆಟ್ಟು, ಹೂಕುಂಡದ ತಟ್ಟೆ, ನಾಯಿಯ ಬಟ್ಟಲು, ಯಾವುದಾದರೂ ಸರಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವರು ಡ್ರಾಪರ್ ಇಟ್ಟುಕೊಂಡಿರುತ್ತಾರೆ. ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅವರು ಜೀವಶಾಸ್ತ್ರದ ಪ್ರೊಫೆಸರ್. ಮೂವತ್ತು ವರ್ಷದಿಂದ ಸಂಶೋಧನೆ ಮಾಡುತ್ತಿರುವುದು ಸೊಳ್ಳೆಯ ಮೇಲೆ. ಮದುವೆಯಾಗಲಿಲ್ಲ. ಆಗಿದ್ದರೆ ಆ ಹೆಂಗಸಿನ ಗತಿ ಏನಾಗುತ್ತಿತ್ತೋ!

ನನ್ನ ಗತಿಯನ್ನೇ ಕೇಳಿ. ಒಮ್ಮೆ ದೀಪಾವಳಿಗೆ ನನ್ನ ಹೊಸ ಆಫೀಸರ್ ಮನೆಗೆ ಹೋಗಬೇಕಿತ್ತು. ಮಾವ ನಮ್ಮಲ್ಲಿದ್ದರು, ಬಿಟ್ಟು ಹೋಗುವುದು ಸರಿಯಲ್ಲವೆಂದು ಕರೆದುಕೊಂಡು ಹೋದೆ. ಅಲ್ಲಿ ಬಾಗಿಲ ಬಳಿ ಹಿತ್ತಾಳೆ ಉರುಳಿಯಲ್ಲಿ ನೀರು, ನೀರಿನ ಮೇಲೆ ಗುಲಾಬಿ ಎಸಳು. ಮಾವ ಕೂತರು. ಡ್ರಾಪರ್ ಹೊರಬಂತು. ಎರಡು ನಿಮಿಷ ಬಿಟ್ಟು ಎದ್ದವರೇ, ನಿವೃತ್ತಿಯ ಅಂಚಿನಲ್ಲಿದ್ದ ಆಫೀಸರ್ ಹೆಂಡತಿಗೆ ಕೈಮುಗಿದು ಹೇಳಿದರು: "ಮುಬಾರಕ್ ಹೋ ಮೇಡಂ, ಆಪ್ಕೇ ಯಹಾಂ ಬಚ್ಚೇ ಹುಏ ಹೈಂ!" ನಿಮ್ಮ ಮನೆಯಲ್ಲಿ ಮಕ್ಕಳಾಗಿದ್ದಾರೆ, ಅಭಿನಂದನೆ ಅಂತ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಕಾಜು ಬರ್ಫಿಯ ತಟ್ಟೆ ನಮ್ಮ ಕಡೆ ಬರಲೇ ಇಲ್ಲ.

ಮೆಟ್ರೋದಲ್ಲಿ ಇನ್ನೂ ಚೆಂದ. ಬ್ಯಾಗಿನಲ್ಲಿ ನೀರಿನ ಬಾಟಲಿ ಕಂಡರೆ ಅಲ್ಲಿ ತಪಾಸಣೆ ಮಾಡುವ ಜವಾನರು ಒಮ್ಮೊಮ್ಮೆ ಒಂದು ಗುಟುಕು ಕುಡಿದು ತೋರಿಸಿ ಅನ್ನುತ್ತಾರೆ. ಮಾವನ ಬಾಟಲಿಯಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಪೀಕರ್ ದಿಖಾಯಿಯೇ."

"ಪೀ ಲೂಂಗಾ ತೋ ಬಚ್ಚೇ ಪ್ರಾಕ್ಟಿಕಲ್ ಕಿಸ್ ಪರ್ ಕರೇಂಗೇ?"

ಕುಡಿದುಬಿಟ್ಟರೆ ಹುಡುಗರು ಪ್ರಾಕ್ಟಿಕಲ್ ಯಾವುದರ ಮೇಲೆ ಮಾಡಬೇಕು ಅಂತ ಮಾವ! ಆಮೇಲೆ ಶುರುವಾಯಿತು ಪಾಠ. ಮರಿ ಹೇಗೆ ತಲೆಕೆಳಗಾಗಿ ಉಸಿರಾಡುತ್ತದೆ, ಎಷ್ಟು ದಿನಕ್ಕೆ ರೆಕ್ಕೆ ಬರುತ್ತದೆ, ಎಲ್ಲ. ಗಂಡಸರ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಹಿಂದಿನವರು ಕೂಗಾಡುತ್ತಿದ್ದರೆ ಜವಾನ ಬಾಟಲಿಯನ್ನು ಬೆಳಕಿಗೆ ಹಿಡಿದು ಬಾಯಿಬಿಟ್ಟುಕೊಂಡು ನೋಡುತ್ತಿದ್ದ! ಕೊನೆಗೆ ಮಾವ ಆ ಕಡೆಯಿಂದ ಕೈಬೀಸಿದರು, "ಬಾರಮ್ಮಾ, ಬಿಟ್ಟರು!" ನಾನು ಫೋನಿನಲ್ಲಿ ಮುಖ ಹುದುಗಿಸಿ, ಯಾರನ್ನೋ ಕರೆದರೆನ್ನುವ ಹಾಗೆ ಎಸ್ಕಲೇಟರ್ ಹತ್ತಿಬಿಟ್ಟೆ.

ಇಷ್ಟಾದರೂ ತಡೆದುಕೊಂಡಿದ್ದೆ. ಆದರೆ ಹೋದ ವರ್ಷ ಅವರ ವಿಭಾಗದವರು ಜನರ ನಡುವೆ ಕೆಲಸ ಮಾಡಲು ಆರಿಸಿಕೊಂಡದ್ದು ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯನ್ನೇ! ಮಳೆ ಮುಗಿದು ಡೆಂಗ್ಯೂ ಶುರುವಾಗುವ ಕಾಲ. ಶನಿವಾರ ಮಾವನ ವಿದ್ಯಾರ್ಥಿಗಳು ಮನೆಮನೆಗೆ ಬಂದು, ಗಾಳಿ ತಂಪು ಮಾಡುವ ಕೂಲರ್‌ನ ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುವುದು, ಭಾನುವಾರ ಗೇಟಿನ ಬಳಿ ಮೇಜು ಹಾಕಿ, ಒಂದೊಂದು ಬಾಟಲಿಗೂ ಫ್ಲ್ಯಾಟ್ ನಂಬರಿನ ಲೇಬಲ್ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸುವುದು.

"ಮಾವ, ನಂಬರ್ ಯಾಕೆ ಹಾಕ್ತೀರಿ? ಜನಕ್ಕೆ ಅವಮಾನ ಆಗುತ್ತೆ."

"ಆಗಲಿ ಅಂತಲೇ ಹಾಕೋದು. ಅವಮಾನ ಆದರೆ ಕೂಲರ್ ತೊಳೀತಾರೆ. ಲೇಬಲ್‌ನಲ್ಲಿ ಸುಳ್ಳು ಬರೆದವನನ್ನ ನಾನು ಇವತ್ತಿನವರೆಗೆ ಪಾಸು ಮಾಡಿಲ್ಲ."

"ಹೋಗಲಿ, ನಾನು ನಿಮ್ಮ ಸೋದರಸೊಸೆ ಅಂತ ಮಾತ್ರ ಇಲ್ಲಿ ಯಾರಿಗೂ ಹೇಳಬೇಡಿ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ ಕಣಮ್ಮ. ವಿಜ್ಞಾನಕ್ಕೆ ನೆಂಟಸ್ತಿಕೆ ಇಲ್ಲ," ಎಂದರು. ಆ ಭಾನುವಾರ ಮಗಳ ಕೈಹಿಡಿದು ಮೇಜಿನ ಮುಂದೆ ಹೋದಾಗ, "ಆಯಿಯೇ ಮೇಡಂ, ದೇಖಿಯೇ," ಎಂದು ಅಪರಿಚಿತರಂತೆ ಕರೆದರು. ಆ 'ಮೇಡಂ' ಚುಚ್ಚಿತು. ಆದರೂ ಬದುಕಿದೆ ಅಂದುಕೊಂಡೆ.

ಮೇಜಿನ ತುದಿಯಲ್ಲಿ ಮರಿಗಳು ಕಿಕ್ಕಿರಿದ ಒಂದು ಬಾಟಲಿ. ಅದರ ಲೇಬಲ್ ಓದಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು: "ಪ್ರೊಫೆಸರರ ಸ್ವಂತ ಮನೆ, ವಸಂತ್ ಕುಂಜ್." ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಊರ ಕೂಲರ್‌ಗಳನ್ನೆಲ್ಲ ಇಣುಕುವವರಿಗೆ ತಮ್ಮದೊಂದನ್ನು ತೊಳೆದುಕೊಳ್ಳಲು ಬರುವುದಿಲ್ಲವೇ? ಮಾವನೂ ಎಲ್ಲರ ಜೊತೆ ನಗುತ್ತಿದ್ದರು. ನನಗಂತೂ ತಲೆ ಎತ್ತಲಾಗಲಿಲ್ಲ.

ಮುಂದಿನ ವಾರ ಸೊಸೈಟಿಯ ಮೀಟಿಂಗ್. ಅಧ್ಯಕ್ಷರು ನಿವೃತ್ತ ಅಧಿಕಾರಿ, ಅವರ ಕೂಲರ್‌ನ ಬಾಟಲಿಯೂ ಭಾನುವಾರದ ಆ ಮೇಜಿನ ಮೇಲಿತ್ತು. ನಮ್ಮ ಮಾನ ಹರಾಜಾಯಿತು, ಇವರು ಬರುವುದನ್ನು ನಿಲ್ಲಿಸಿ ಎಂದು ವಿಭಾಗಕ್ಕೆ ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಅಧ್ಯಕ್ಷರು ಸುತ್ತಲೂ ನೋಡಿ, ಈ ಪ್ರೊಫೆಸರ್ ಯಾರ ಕಡೆಯವರು, ಇಲ್ಲಿ ಯಾರಿಗಾದರೂ ಗೊತ್ತೇ ಎಂದು ಕೇಳಿದರು: "ಯೇ ಪ್ರೊಫೆಸರ್ ಸಾಹಬ್ ಹೈಂ ಕಿಸ್ಕೇ? ಯಹಾಂ ಕೋಈ ಜಾನತಾ ಹೈ ಇನ್ಕೋ?"

ಮಗಳು ಬಾಯಿ ತೆರೆದಳು. "ಮಮ್ಮಾ ಕೇ ಮಾ..."

ಅವಳ ಬಾಯಿಗೆ ಸಮೋಸಾ ತುರುಕಿದೆ. ಪತ್ರ ನನ್ನ ಮುಂದೆ ಬಂತು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರಲ್ಲ! ಸಹಿ ಹಾಕಿಬಿಟ್ಟೆ.

ಮಾವನ ಮೇಜು ಗೇಟಿಗೆ ಬರುವುದು ನಿಂತಿತು. ಫೋನಿನಲ್ಲಿ ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ, ಮಗಳ ಓದು ಹೇಗಿದೆ ಎಂದಷ್ಟೇ ಕೇಳಿದರು. ನನಗೆ ಊಟ ರುಚಿಸಲಿಲ್ಲ. ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಅವರ ವಿಭಾಗಕ್ಕೇ ಹೋದೆ. ಮಾಡಿದ ತಪ್ಪಿಗೆ ಕೋಡುಬಳೆ ಕರಿಯುವುದು ನಮ್ಮ ಮನೆತನದ ಪದ್ಧತಿ.

ಮಾವ ತರಗತಿಯಲ್ಲಿದ್ದರು. ಲ್ಯಾಬಿನಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ನನ್ನನ್ನು ಕೂರಿಸಿದಳು. ಕಪಾಟಿನಲ್ಲಿ ನಮ್ಮ ಸೊಸೈಟಿಯ ಬಾಟಲಿಗಳು ಸಾಲಾಗಿದ್ದವು, ಮರಿಗಳು ಈಗ ಸ್ಪಿರಿಟ್‌ನಲ್ಲಿ ತಣ್ಣಗೆ ಮಲಗಿದ್ದವು. ತುದಿಯಲ್ಲಿ ಮಾವನ ಮನೆಯದು. ನಾನು ನಕ್ಕೆ. ಹುಡುಗಿ ನಗಲಿಲ್ಲ.

"ಸರ್ ಮನೆಯಲ್ಲಿ ಕೂಲರೇ ಇಲ್ಲ ಮ್ಯಾಮ್," ಎಂದಳು ಹಿಂದಿಯಲ್ಲಿ. "ಅದನ್ನು ತುಂಬಿಕೊಂಡು ಬಂದವಳು ನಾನೇ. ಬಾಗಿಲು ತೆಗೆದದ್ದು ಒಂದು ಪುಟ್ಟ ಹುಡುಗಿ, ಅವಳ ತಾಯಿ ತರಕಾರಿಗೆ ಹೋಗಿದ್ದರು. ಫ್ಲ್ಯಾಟ್ ನಂಬರ್ ನೋಡಿದ ಕೂಡಲೇ ಸರ್ ಅದರ ಮೇಲೆ ಬೇರೆ ಲೇಬಲ್ ಅಂಟಿಸಿದರು. ಯಾಕೆಂದು ಕೇಳಿದರೆ, ಈ ಪರೀಕ್ಷೆಯಲ್ಲಿ ನಾನು ಫೇಲ್ ಅಂತ ಬರೆದುಕೋ ಅಂದರು."

ಬಾಟಲಿ ಕೈಗೆತ್ತಿಕೊಂಡೆ. ಲೇಬಲ್‌ನ ಮೂಲೆ ಎದ್ದಿತ್ತು. ಕೆಳಗೆ ನೀಲಿ ಶಾಯಿಯಲ್ಲಿ ಡಿ-203. ನನ್ನ ಮನೆ.

ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯೆಲ್ಲ ಸೀಮೆಸುಣ್ಣ. ಡಬ್ಬಿಯನ್ನು ಅವರ ಮುಂದೆ ಚಾಚಿದೆ.

"ಮಾವ, ಆ ಪತ್ರಕ್ಕೆ ನಾನೂ ಸಹಿ ಹಾಕಿದ್ದೆ."

"ಗೊತ್ತು ಕಣೆ. ಇಡೀ ಪಟ್ಟಿಯಲ್ಲಿ ಕನ್ನಡದ ಸಹಿ ಒಂದೇ ಇತ್ತು. ನಿನ್ನ ಕೈಗೆ ಬಳಪ ಹಿಡಿಸಿದವನು ನಾನು, ಗುರುತು ಸಿಗಲ್ವಾ?" ಡಬ್ಬಿ ತೆರೆದು ಒಂದು ಕೋಡುಬಳೆ ಮುರಿದರು. "ಕೂಲರ್ ತೊಳೆದ್ಯಾ?"

ಮುಂದಿನ ಮೀಟಿಂಗ್‌ಗೆ ಆ ಬಾಟಲಿಯನ್ನು ಕೇಳಿ ತಂದೆ. ಮೇಲಿನ ಲೇಬಲ್ಲನ್ನು ಬಿಸಿನೀರು ಮುಟ್ಟಿಸಿ ಕಿತ್ತಿದ್ದೆ. ಸಮೋಸಾ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಅಧ್ಯಕ್ಷರು ಮುಖ ಸಿಂಡರಿಸಿ, ಇದು ಯಾರದು ಎಂದರು.

"ಯೇ ಕಿಸ್ಕಾ ಹೈ?"

"ಮೇರಾ," ಎಂದೆ. ಡಿ-203 ಎಂಬುದು ಕಾಣುವ ಹಾಗೆ ಬಾಟಲಿಯನ್ನು ಅವರತ್ತ ತಿರುಗಿಸಿದೆ. "ಔರ್ ವೋ ಪ್ರೊಫೆಸರ್ ಸಾಹಬ್ ಭೀ ಮೇರೇ ಹೈಂ. ಮೇರೇ ಮಾಮಾಜೀ ಹೈಂ."