ಚಿಕ್ಕಪ್ಪನ ಒಮಾಹಾ ಅಜ್ಜಿ

ನಮ್ಮ ಚಿಕ್ಕಪ್ಪಂಗೆ ಒಬ್ರು ಗರ್ಲ್‌ಫ್ರೆಂಡ್ ಇದಾರೆ. ಚಿಕ್ಕಮ್ಮಂಗೂ ಗೊತ್ತು! ವಯಸ್ಸು ಎಂಬತ್ತರ ಮೇಲೇ ಇರ್ಬೇಕು, ಇರೋದು ಲ್ಯಾಪ್‌ಟಾಪ್ ಒಳಗೆ.

ಗಾಬರಿ ಆಗ್ಬೇಡಿ. ಅಮೆರಿಕದಲ್ಲಿ ಒಮಾಹಾ, ಪೊಂಕಾ ಅಂತ ಮೂಲನಿವಾಸಿಗಳಿದಾರೆ, ಇಬ್ರದೂ ಒಂದೇ ಭಾಷೆ. ಈಗ ಮಾತಾಡೋರು ತುಂಬಾ ಕಮ್ಮಿ. ಅದರದ್ದೊಂದು ವೆಬ್‌ಸೈಟು: ಪದ ಒತ್ತಿದ್ರೆ ಇಂಗ್ಲಿಷ್ ಅರ್ಥ ಬರುತ್ತೆ, ಜೊತೆಗೆ ಒಬ್ಬ ಅಜ್ಜಿ ಧ್ವನಿ. ನ್ಯೂಜಿಲೆಂಡಲ್ಲಿ, ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ನರ್ಸ್ ಆಗಿರೋ ನಮ್ಮ ಮೈಸೂರು ಚಿಕ್ಕಪ್ಪಂಗೂ ಅದಕ್ಕೂ ಏನ್ರೀ ಸಂಬಂಧ? ನಂಗೂ ಗೊತ್ತಿಲ್ಲ! ಆದ್ರೆ ಅವರ ಮನೇಲೇ ಇರೋದ್ರಿಂದ ನಂಗೂ ಆ ಹುಚ್ಚು ಹತ್ಕೊಂಡ್ಬಿಟ್ಟಿದೆ.

ಅಜ್ಜಿ "ನಿ" ಅಂತಾರೆ. ನೀರು. ಚಿಕ್ಕಪ್ಪ ಸ್ಕ್ರೀನಿಗೆ ತಲೆ ಬಗ್ಗಿಸಿ, "ಹೂಂ ಅಜ್ಜಿ."

"ಟಿ." ಮನೆ. "ಹೂಂ ಅಜ್ಜಿ."

"ರೀ, ಅದು ರೆಕಾರ್ಡಿಂಗು!" ಅಂತಾರೆ ಚಿಕ್ಕಮ್ಮ.

"ಆಗ್ಲಿ ಕಣೇ. ದೊಡ್ಡೋರು ಮಾತಾಡ್ತಿದ್ರೆ ಹೂಂ ಅನ್ನದೆ ಕೂರೋಕಾಗುತ್ತಾ?"

"ನಾನು ಮಾತಾಡುವಾಗ ಕೂರ್ತೀರಲ್ಲ!"

ಪ್ರಾಕ್ಟೀಸ್‌ಗೆ ಜನ ಬೇಕಲ್ವಾ? ಪಕ್ಕದ ಮನೆ ನ್ಯೂಜಿಲೆಂಡ್ ಅಂಕಲ್‌ದು ಒಂದು ನಾಯಿ ಇದೆ. ಇವರು ಬೇಲಿ ಮೇಲಿಂದ "ಶಿನುಡಾ!", ಅಂದ್ರೆ ಒಮಾಹಾದಲ್ಲಿ ನಾಯಿ, ಅಂತ ಕೂಗಿ ಕೂಗಿ, ಅದೀಗ ತನ್ನ ಸ್ವಂತ ಹೆಸರಿಗೆ ತಿರುಗೇ ನೋಡಲ್ಲ. ಪಾಪ ಆ ಅಂಕಲ್, ಬಾರ್ಬೆಕ್ಯೂ ಮುಂದೆ ನಿಂತು, ಅದೇನು ಇಂಡಿಯನ್ ಮಾತಾ ಅಂತ ಕೇಳಿದ್ರು. ಕೇಳಬಾರದಿತ್ತು! ಚಿಕ್ಕಪ್ಪನ ವಿವರಣೆ ಮುಗಿಯೋ ಹೊತ್ತಿಗೆ ಸಾಸೇಜ್ ಇದ್ದಿಲಾಗಿತ್ತು.

ಚಿಕ್ಕಪ್ಪಂಗೆ ನಿಜವಾಗಿ ಉತ್ತರ ಬೇಕಾಗಿದ್ದಿದ್ದು ಮಗಳಿಂದ. ಅವಳು ಇಲ್ಲೇ ಹುಟ್ಟಿದೋಳು. ಕನ್ನಡ ಎಲ್ಲಾ ಅರ್ಥ ಆಗುತ್ತೆ, ಬಾಯಿಂದ ಬರೋದು ಮಾತ್ರ ಇಂಗ್ಲಿಷು. "ಊಟ ಆಯ್ತಾ ಪುಟ್ಟಿ?" "ಯೆಪ್."

ಅವಳು ಓದೋಕೆ ಕ್ರೈಸ್ಟ್‌ಚರ್ಚ್‌ಗೆ ಹೊರಡೋ ದಿನ ಏರ್‌ಪೋರ್ಟಲ್ಲಿ ಇವರು ಬೇಡ್ಕೊಂಡೇ ಬಿಟ್ರು: "ಒಂದ್ಸಲ ಇಂಗ್ಲಿಷ್ ಬಿಟ್ಟು ಏನಾದ್ರೂ ಅನ್ನು. ಒಮಾಹಾ ಆದ್ರೂ ಪರವಾಗಿಲ್ಲ!"

"ಡ್ಯಾಡ್, ಯೂ ಆರ್ ಸೋ ವಿಯರ್ಡ್," ಅಂತ ತಬ್ಕೊಂಡು, ಹೋಗೇ ಬಿಟ್ಲು. ಅವತ್ತು ಮನೇಲಿ ಲ್ಯಾಪ್‌ಟಾಪ್ ತೆರೀಲಿಲ್ಲ ಚಿಕ್ಕಪ್ಪ.

ಮೊನ್ನೆ ಅವಳದ್ದೇ ಫೋನ್ ಬಂತು. ಸ್ಪೀಕರ್‌ಗೆ ಹಾಕಿ ಇವರು ಶುರು ಮಾಡಿದ್ರು, "ಅಲ್ಲಿ ಚಳಿಯಂತೆ, ಸ್ವೆಟರ್ ಹಾಕ್ಕೋ."

"ಹೂಂ ಅಪ್ಪ."

ಚಿಕ್ಕಪ್ಪ ತಿರುಗಿ ಚಿಕ್ಕಮ್ಮನ ಮುಖ ನೋಡಿದ್ರು. ಆಮೇಲೆ ಮೆಲ್ಲಗೆ, "ನೀರು ಸರಿಯಾಗಿ ಕುಡಿ."

"ಹೂಂ ಅಪ್ಪ."

ಅಷ್ಟೇ! ಒದ್ದೆ ತಲೇಲಿ ಓಡಾಡ್ಬೇಡ, ಸ್ಟೌವ್ ಆಫ್ ಮಾಡು, ಬಾಗ್ಲು ಹಾಕ್ಕೋ... ಹೇಳೋಕೆ ಏನೂ ಉಳೀದೆ ಇದ್ರೂ ಹೇಳ್ತಾನೇ ಇದ್ರು, ಕನ್ನಡಕ ತೆಗೆದು ಒರೆಸ್ಕೋತಾ. ಯಾವಾಗ್ಲೂ "ಸಾಕು ಬಿಡ್ರೀ" ಅನ್ನೋ ಚಿಕ್ಕಮ್ಮ ಅವತ್ತು ಫೋನನ್ನ ಅವರ ಹತ್ರಕ್ಕೆ ಇನ್ನಷ್ಟು ಸರಿಸಿದ್ರು.