ತಣ್ಣನೆಯ ಕಂಟೇನರಿನ ಬೀಗ ಕತ್ತರಿಸುವ ಬಗ್ಗೆ

ಇಂದ:
ಉಗ್ರಾಣಪಾಲಕ,
ಬೀಜದ ಉಗ್ರಾಣ, ತಗಡಿನ ಶೆಡ್ಡಿನ ಹಿಂದೆ.

ಗೆ:
ಮಾನ್ಯ ವ್ಯವಸ್ಥಾಪಕರು,
ಬೀಜ ಕಂಪನಿ, ಮೊದಲನೇ ಮಹಡಿ.

ವಿಷಯ: ಕಂಟೇನರಿನ ಬೀಗ ಕತ್ತರಿಸಲು ಅನುಮತಿ ಕೋರಿ.

ಉಲ್ಲೇಖ: ಬೀಜ ಕೆಟ್ಟಿದ್ದಕ್ಕೆ ಕಾರಣ ಕೇಳಿ ತಾವು ದಯಪಾಲಿಸಿದ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅಮೂಲ್ಯ ಗಮನಕ್ಕೆ ತರುವುದೇನೆಂದರೆ:

೧. ಹಡಗಿನಲ್ಲಿ ಮೀನು ಹೊತ್ತು ಹಳೆಯದಾದ, ತಂಪು ಯಂತ್ರವಿರುವ ಕಂಟೇನರೊಂದನ್ನು ಕಂಪನಿಯು ಬೀಜ ಇಡಲು ತರಿಸಿತು. ಗೋಡೆ ನಾಲ್ಕು ಬೆರಳು ದಪ್ಪ. ಒಳಗಿನ ಉಷ್ಣಾಂಶ ಹೊರಗಿನ ಫಲಕದಲ್ಲೇ ಕಾಣುತ್ತದೆ. ಮುಚ್ಚಿಟ್ಟರೆ ವರ್ಷವಿಡೀ ನಾಲ್ಕು ಡಿಗ್ರಿ. ಬಾಗಿಲು ಮುಚ್ಚಿರಬೇಕು ಎಂಬುದೊಂದೇ ಅದರ ಬೇಡಿಕೆ.

೨. ಅದರಲ್ಲಿ ಆರು ಚೀಲ ಈರುಳ್ಳಿ ಬೀಜವಿತ್ತು. ಇದೇ ಕಂಪನಿಯ ಹೊಲದಲ್ಲಿ ಅರ್ಜಿದಾರನ ಅಕ್ಕ ಹತ್ತೊಂಬತ್ತು ವರ್ಷ ಕೊಳೆಯದ ಗಡ್ಡೆಗಳನ್ನೇ ಆರಿಸಿ ಆರಿಸಿ ಪಡೆದ ತಳಿ. ಆಸ್ಪತ್ರೆಯ ಹಾಸಿಗೆಯಲ್ಲಿ ಆಕೆ ಹೇಳಿದ್ದಿಷ್ಟು: "ಇನ್ನು ನೀನೇ ನೋಡ್ಕೋಬೇಕು ಕಣೋ. ಸುಮ್ ಸುಮ್ನೆ ಬಾಗಿಲು ತೆಗೀಬೇಡ." ಆ ಬೀಜ ಬೇರೆಲ್ಲೂ ಇಲ್ಲ. ಅಕ್ಕನೂ ಈಗಿಲ್ಲ.

೩. ಹೀಗಿರುವಾಗ, ತಂಪು ಸ್ಥಿರವಾಗಿದೆಯೇ ಎಂದು ಗಂಟೆಗೊಮ್ಮೆ ಬಾಗಿಲು ತೆರೆದು ನೋಡತಕ್ಕದ್ದೆಂದು ತಾವು ಆದೇಶ ಹೊರಡಿಸಿದಿರಿ.

"ಸರ್, ಹೊರಗಡೆ ಫಲಕದಲ್ಲೇ ಬರುತ್ತಲ್ಲ, ನಾಲ್ಕು ಅಂತ," ಎಂದು ಅರ್ಜಿದಾರನು ವಿನಮ್ರವಾಗಿ ಹೇಳಿದನು.

"ಯಂತ್ರ ಸುಳ್ಳು ಹೇಳುತ್ತೆ ಕಣ್ರೀ. ಒಳಗೆ ಹೋಗಿ ನಿಂತ್ರೇನೇ ಗೊತ್ತಾಗೋದು."

ತಾ ಕಳ್ಳ, ಪರರ ನಂಬ ಎಂಬ ಗಾದೆ ಅರ್ಜಿದಾರನ ನಾಲಿಗೆಯ ತುದಿಯವರೆಗೆ ಬಂದು, ಸಂಬಳದ ನೆನಪಾಗಿ ಹಿಂದಿರುಗಿತು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗಿ ಬೆವರಾಗಿ ಚೀಲಗಳ ಮೇಲೆ ಇಳಿಯುತ್ತದೆ ಎಂದು ಮೂರು ಸಲ ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೋಣಗಳ ಕ್ಷಮೆಯಿರಲಿ.

೪. ಅತಿಥಿಗಳು ಬಂದಾಗಲೂ ಬಾಗಿಲು ತೆರೆಯಲಾಯಿತು. ತಾವು ತೆರೆದ ಬಾಗಿಲಿನ ನಡುವೆ ನಿಂತು ಸ್ಥಿರ ಉಷ್ಣಾಂಶದ ಕುರಿತು ನಲವತ್ತು ನಿಮಿಷ ಮಾತಾಡಿದಿರಿ. ಭಾಷಣ ಮುಗಿದಾಗ ಒಳಗೆ ಹತ್ತೊಂಬತ್ತು ಡಿಗ್ರಿ. ಅರ್ಜಿದಾರನು ಉಷ್ಣಾಂಶದ ಪುಸ್ತಕದಲ್ಲಿ ಹಾಗೆಯೇ ಬರೆಯಲು ಹೋದಾಗ, "ಪುಸ್ತಕ ಗಲೀಜು ಮಾಡ್ಬೇಡ್ರಿ," ಎಂದಿರಿ. ಪುಸ್ತಕದಲ್ಲಿ ತಿಂಗಳ ಕೊನೆಯವರೆಗೂ ನಾಲ್ಕು, ನಾಲ್ಕು ಎಂದು ಮೊದಲೇ ಬರೆದಿಡಲಾಗಿತ್ತು.

೫. ಎರಡು ವಾರದ ಹಿಂದೆ ಅರ್ಜಿದಾರನು ಪ್ರತಿ ಚೀಲದಿಂದ ನೂರು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟನು. ಐದು ಚೀಲಗಳಲ್ಲಿ ಮೊಳೆತದ್ದು ನೂರಕ್ಕೆ ಏಳೆಂಟು. ಹತ್ತೊಂಬತ್ತು ವರ್ಷ ಬಗ್ಗಿದ ಅಕ್ಕನ ಬೆನ್ನು ನೆನಪಾಗಿ ಅರ್ಜಿದಾರನು ಅತ್ತನು. ಕಟ್ಟಕಡೆಯ ಮೂಲೆಯಲ್ಲಿದ್ದ ಆರನೆಯ ಚೀಲದಲ್ಲಿ ಮಾತ್ರ ತೊಂಬತ್ತೊಂದು ಮೊಳೆತವು. ಬಿತ್ತನೆಗೆ ಇನ್ನೂ ಮೂರು ತಿಂಗಳಿದೆ.

೬. ಕಾರಣ, ಮೊಳಕೆಯ ಲೆಕ್ಕ ತಮಗೆ ಒಪ್ಪಿಸಿ ನೋಟಿಸು ಪಡೆದ ಮರುದಿನ, ಬಾಗಿಲು ಭದ್ರಪಡಿಸಿದ ಬಳಿಕ ಬೀಗದ ಕೈ ಅರ್ಜಿದಾರನ ಕೈಜಾರಿ ಬಾವಿಗೆ ಬಿದ್ದಿರುತ್ತದೆ. ಕೈಜಾರುವುದಕ್ಕಾಗಿ ಅರ್ಜಿದಾರನು ಬಾವಿಯವರೆಗೆ ಇನ್ನೂರು ಹೆಜ್ಜೆ ನಡೆದಿದ್ದನು.

೭. ಬೀಗ ಕತ್ತರಿಸಲು ಏಳು ಮೇಜುಗಳ ಸಹಿ ಬೇಕೆಂಬುದು ತಮ್ಮದೇ ನಿಯಮ. ಬಾಗಿಲಂಚಿನ ಹರಿದ ರಬ್ಬರ್ ಪಟ್ಟಿ ಬದಲಿಸಿ ಎಂದು ಅರ್ಜಿದಾರನು ಕೊಟ್ಟ ಅರ್ಜಿಯು ಹದಿನೈದು ತಿಂಗಳಿಂದ ತಮ್ಮ ಮೇಜಿನ ಮೇಲೆ ಟೀ ಲೋಟದ ಕೆಳಗಿದೆ. ತಮ್ಮ ಕಚೇರಿಯ ವೇಗದಲ್ಲಿ ಅರ್ಜಿದಾರನಿಗೆ ಸಂಪೂರ್ಣ ವಿಶ್ವಾಸವಿದೆ.

ಆದ್ದರಿಂದ, ಬೀಗ ಕತ್ತರಿಸಲು ಅನುಮತಿ ನೀಡಬೇಕೆಂದೂ, ನೀಡುವ ಮುನ್ನ ಒಂದು ನಿಯಮವನ್ನೂ ಬಿಡದೆ ಪಾಲಿಸಬೇಕೆಂದೂ ಪ್ರಾರ್ಥನೆ. ಅರ್ಜಿದಾರನನ್ನು ಅಮಾನತು ಮಾಡುವುದಿದ್ದರೆ ಅದನ್ನು ಮಾತ್ರ ಬೇಗ ಮಾಡಬಹುದು.

ಬಾಗಿಲ ಹೊರಗೇ ನಿಂತಿರುವ
ತಮ್ಮ ವಿಶ್ವಾಸಿ,
(ಸಹಿ)
ಉಗ್ರಾಣಪಾಲಕ

ಲಗತ್ತುಗಳು:
೧. ತಮ್ಮ ನೋಟಿಸಿನ ಪ್ರತಿ.
೨. ಮೊಳೆಯದ ಬೀಜ, ಒಂದು ಪೊಟ್ಟಣ.
೩. ಬೀಗದ ಇನ್ನೊಂದು ಕೈ (ಲಗತ್ತಿಸಿಲ್ಲ).

ವಿ.ಸೂ.: ಈ ಅರ್ಜಿಯನ್ನು ದಯವಿಟ್ಟು ರಬ್ಬರ್ ಪಟ್ಟಿಯ ಅರ್ಜಿಯ ಕೆಳಗೆ ಇಡಬೇಕಾಗಿ ವಿನಂತಿ.